ಮುಸುರೆ ನೀರಿನ ಕರೆಂಟು

ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಸೂಪರ್ ಮಾರ್ಕೆಟ್‌ನಿಂದ ಆಟೋ ತಿರುಗಿಸಿಕೊಂಡು ಮನೆಗೆ ಬರುವವನು ನಾನು. ಅಂಥವನ ಕೈಗೆ ಜೀವಂತ ಬ್ಯಾಟರಿ ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ಕಲಬುರಗಿಯ ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರದ ಮಾಸ್ತರ. ಕಮಲಾಪುರದ ಒಂದು ಹುಡುಗಿಯರ ಹಾಸ್ಟೆಲ್ಲಿನ ಹಿತ್ತಲಲ್ಲಿ ಐದು ಬಕೆಟ್ ಇಟ್ಟಿದ್ದೆ. ಒಳಗೆ ಅಡುಗೆಮನೆಯ ಮುಸುರೆ ನೀರು, ಕರೆಂಟು ಹಿಡಿಯಲು ಇಂಗಾಲದ ಬಟ್ಟೆ, ತಂತಿ. ನೀರಿನ ಹೊಲಸು ತಿನ್ನುವ ಸೂಕ್ಷ್ಮಜೀವಿಗಳು ತಂತಿಗೆ ಒಂದಿಷ್ಟು ಕರೆಂಟು ಬಿಡುತ್ತವೆ, ನೀರೂ ತಿಳಿಯಾಗುತ್ತದೆ. ಐದೂ ಸೇರಿ ಒಂದು ಪುಟ್ಟ ಕೆಂಪು ದೀಪ ಹೊತ್ತಿಸಬೇಕಿತ್ತು.

ವಾರ್ಡನ್ ಮೇಡಂ ಗಡುವು ಕೊಟ್ಟಿದ್ದರು. “ಸೋಮವಾರದೊಳಗ ದೀಪ ಹತ್ತಲಿಲ್ಲಂದ್ರ ಬಕೀಟ ಎತ್ತಿಬಿಡ್ರಿ ಸರ. ಹುಡುಗ್ಯಾರು ಮೂಗು ಮುಚ್ಕೊಂಡು ಓಡ್ಯಾಡಾಕತ್ತಾರ.”

ಪಾಠ ಮುಗಿದೊಡನೆ ದಿನಾ ಬಸ್ಸು ಹತ್ತಿದೆ. ಕರೆಂಟು ಅಳೆಯಲು ತಂತಿಗೆ ಸಿಕ್ಕಿಸಿದ್ದ ಮೀಟರಿನ ನಂಬರು ಇಳಿಯುತ್ತಿತ್ತು. ಸೂಕ್ಷ್ಮಜೀವಿಗಳು ಸತ್ತವೇನೋ ಎಂದು ಒಂದೊಂದೇ ಮುಚ್ಚಳ ತೆಗೆದು, ಮೂಸಿ, ಕೋಲಿನಿಂದ ಕದಡಿ ಮುಚ್ಚುತ್ತಿದ್ದೆ. ಮರುದಿನ ಇನ್ನೂ ಇಳಿದಿರುತ್ತಿತ್ತು. ಗಾಬರಿಯಾಗಿ ಎರಡೆರಡು ಸಲ ತೆಗೆದೆ.

ಗುರುವಾರ ಅಡುಗೆಯ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

“ಸರ, ಅನ್ನ ದಮ್ಮಿಗಿಟ್ಟು ಗಳಿಗಿಗೊಮ್ಮಿ ಮುಚ್ಚಳ ತೆಗೀತಾರೇನ್ರಿ?”

“ಇದು ಬ್ಯಾರೆ ಅಕ್ಕಾ.”

“ಬ್ಯಾರೆ ಹ್ಯಾಂಗ್ರಿ? ಇದಕ್ಕ ಗಾಳಿ ಹೋದ್ರ ನಡೀತದೇನು?”

ನಡೆಯುವುದಿಲ್ಲ. ಗಾಳಿ ಸಿಕ್ಕರೆ ಆ ಜೀವಿಗಳು ತಂತಿಯನ್ನು ಮರೆತೇಬಿಡುತ್ತವೆ. ಇಷ್ಟು ವರ್ಷ ಹಲಗೆಯ ಮೇಲೆ ಇದನ್ನೇ ಬರೆದು, ಕೆಳಗೆ ಎರಡು ಗೆರೆ ಎಳೆದವನು ನಾನೇ.

ಅಕ್ಕ ಐದೂ ಮುಚ್ಚಳಗಳ ಮೇಲೆ ಕಲ್ಲು ಹೇರಿದಳು. “ಸೋಮವಾರದ ಮಟ ಬರಬ್ಯಾಡ್ರಿ. ನಂಬರ ನಾ ಓದಿ ಹೇಳ್ತೀನಿ.”

ಶುಕ್ರವಾರ ಅಕ್ಕ ಫೋನಿನಲ್ಲಿ ಹೇಳಿದ ನಂಬರು ಇದ್ದಲ್ಲೇ ಇತ್ತು. ಶನಿವಾರ ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿ ಕೂತವನು, ಹೊರಡುವ ಮೊದಲು ಇಳಿದೆ. ಭಾನುವಾರ ಅಕ್ಕನ ಫೋನು: “ಏರೇದ್ರಿ.”

“ಎಷ್ಟು? ಚುಕ್ಕಿ ಎಲ್ಲೈತಿ ನೋಡು, ಸರಿಯಾಗಿ ಓದು.”

“ನಿನ್ನಿಗಿಂತ ಜಾಸ್ತಿ ಅದ. ಉಣ್ಣಹೋಗ್ರಿ.”

ಸೋಮವಾರ ದೀಪಕ್ಕೆ ತಂತಿ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿದೆ. ಬಿಸಿಲಿಗೆ ಏನೂ ಕಾಣಲಿಲ್ಲ. ಮೇಡಂ ಬಗ್ಗಿ, ಸೆರಗಿನಿಂದ ನೆರಳು ಮಾಡಿದರು. ಒಳಗೆ ಸಾಸಿವೆಯಷ್ಟು ಕೆಂಪು.

“ಹತ್ತೇದಲ್ರೀ!” ಎಂದರು. ಮತ್ತೆ ಗಂಭೀರವಾಗಿ, “ಬಕೀಟ ಇರ್ಲಿ ಸರ. ಆದ್ರ ನೀವು ವಾರಕ್ಕೊಮ್ಮಿ ಬರ್ರಿ, ಸಾಕು.”

“ಹದಿನೈದು ದಿನಕ್ಕೊಮ್ಮಿ ಅನ್ರಿ ಮೇಡಂ,” ಅಂದಳು ಅಕ್ಕ.

ಒಪ್ಪಿದೆ. ಬಸ್ಸು ಊರು ದಾಟುವ ಮೊದಲೇ ಅಕ್ಕನಿಗೆ ಫೋನು ಹಚ್ಚಿದೆ. ಎತ್ತಲಿಲ್ಲ.