ಬೀಗದ ಒಳಗಿದ್ದವಳ ಹೆಸರು

ನಮ್ಮ ಹಾನಗಲ್ಲಿನ ಓಣಿಯಲ್ಲಿ ಒಂದು ಮನೆಗೆ ಬೀಗ ಬಿದ್ದಿದ್ದರೆ, ಬಂದವರಿಗೆ ಉತ್ತರ ಕೊಡುವುದು ನೆರೆಯವರ ಪಾಲಿನ ಕೆಲಸ. ಗ್ಯಾಸಿನವನಿಗೂ ಕೊಡುತ್ತೇವೆ, ಬೀಗರಿಗೂ ಕೊಡುತ್ತೇವೆ. ಹಾಗಾಗಿ ನೀರಿನ ಸಮೀಕ್ಷೆಗೆ ಬಂದ ಹೆಣ್ಣುಮಗಳು, “ಬಾಜೂ ಮನ್ಯಾಗ ಎಷ್ಟು ಮಂದಿ ಅದಾರ್ರೀ?” ಎಂದಾಗ ನಾನು ಪೂಜೆಯಿಂದ ಎದ್ದು ಬಂದು ಹೇಳಿಬಿಟ್ಟೆ: “ಇಬ್ರರಿ. ಟೀಚರಬಾಯಾರು, ಅವರ ತಂಗಿ ಮಗಳು.” ಹೆಸರನ್ನೂ ಬರೆಸಿದೆ. ಅವರಿಗೂ ನಾಲ್ಕು ಕೊಡ ನೀರು ಹೆಚ್ಚು ಬರಲಿ ಎಂಬ ಆಸೆ.

ಆ ತಂಗಿ ಮಗಳು ಶಿಗ್ಗಾಂವದ ಗಂಡನ ಹೊಡೆತ ತಾಳದೆ ಓಡಿ ಬಂದವಳು. ಅವನು ಸವಣೂರಿನ ತವರುಮನೆಗೆ ಎರಡು ಸಲ ಹೋಗಿ ಹುಡುಕಿದ್ದ. ದೊಡ್ಡಮ್ಮ ಹಾನಗಲ್ಲಿಗೆ ವರ್ಗವಾಗಿದ್ದು ಅವನಿಗೆ ತಿಳಿದಿರಲಿಲ್ಲ. ಮನೆ ಖಾಲಿ ಎನ್ನಿಸಲೆಂದೇ ಟೀಚರಬಾಯಿ ಮುಂಬಾಗಿಲಿಗೆ ಬೀಗ ಹಾಕಿ ಶಾಲೆಗೆ ಹೋಗುತ್ತಿದ್ದರು. ಹುಡುಗಿ ಹಿತ್ತಲ ಬಾಗಿಲು ಮುಚ್ಚಿಕೊಂಡು ಒಳಗಿರುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು; ಆ ಬೀಗದ ಇನ್ನೊಂದು ಕೀಲಿಯೂ ನನ್ನ ಬಳಿಯೇ ಇತ್ತು.

ಮೂರನೆಯ ದಿನ ಬೆಳಿಗ್ಗೆ ವಾರ್ಡಿನ ವಾಟ್ಸಾಪ್ ಗುಂಪಿಗೆ ಪುರಸಭೆಯಿಂದ ಸಮೀಕ್ಷೆಯ ಇಡೀ ಪಟ್ಟಿ ಬಂತು. ಮನೆ ನಂಬರು, ಇರುವವರ ಹೆಸರು, ಫೋನು, ಎಲ್ಲವೂ. ‘ತಪ್ಪಿದ್ದರೆ ತಿಳಿಸಿ’ ಎಂದು ಕೆಳಗೆ. ಆ ಗುಂಪಿನಲ್ಲಿ ಅರ್ಧ ಮಂದಿಗೆ ಶಿಗ್ಗಾಂವದಲ್ಲಿ ನೆಂಟರಿದ್ದಾರೆ. ಒಲೆಯ ಮೇಲಿನ ರೊಟ್ಟಿ ಬಿಟ್ಟು ಪುರಸಭೆಗೆ ಓಡಿದೆ.

ಪಟ್ಟಿ ಅಳಿಸಿ ಎಂದು ಕೇಳಿದ್ದಕ್ಕೆ ಗುಮಾಸ್ತರು ನಕ್ಕರು. “ನಿಮ್ಮನ್ಯಾಗೇನು ಬಂಗಾರದ ಗಣಿ ಐತೇನ್ರೀ ಮುಚ್ಚಿಡಾಕ?”

“ನೀರು ಬಿಡಾಕ ತಲಿ ಎಣಿಕಿ ಸಾಕಲ್ರಿ. ಹೆಸರು ನೀರು ಕುಡಿತಾವೇನು?”

“ತಪ್ಪು ತಿದ್ದಬೇಕಲ್ರೀ ಅಕ್ಕಾರ.”

“ಯಾರ ಮನೀದು ಅವರಿಗೆ ತೋರಸ್ರಿ. ಓಣಿಗೆಲ್ಲಾ ಯಾಕ ಹಂಚತೀರಿ?”

ಹಿಂದೆ ಸಾಲಿನಲ್ಲಿ ಏಳೆಂಟು ಜನ. ಕಾರಣ ಹೇಳಿದರೆ ಅದೂ ಊರಿಗೆ ಹಂಚಿದಂತೆಯೇ. ಕಿಟಕಿಗೆ ಬಾಗಿ, “ಒಂದು ಹೆಣ್ಣಿನ ಜೀವದ ಮಾತರೀ” ಎಂದಷ್ಟೇ ಅಂದೆ. ಅವರ ನಗು ನಿಂತಿತು. ಮತ್ತೇನೂ ಕೇಳದೆ ಫೋನು ತೆಗೆದು ಪಟ್ಟಿಯನ್ನು ಅಳಿಸಿದರು. ಶಿವ ಕೊಟ್ಟ ಒಂದು ಕರುಣೆ ಅದು. ಆಮೇಲೆ ಮೆಲ್ಲಗೆ ಹೇಳಿದರು: “ನಾ ಅಳಿಸೇನಿ. ಯಾರ್ಯಾರು ಇಳಿಸ್ಕೊಂಡಾರೋ ನನಗೂ ಗೊತ್ತಿಲ್ರಿ.”

ಅಲ್ಲಿಂದ ಶಾಲೆಗೆ. ಟೀಚರಬಾಯಿಯವರನ್ನು ಹೊರಗೆ ಕರೆದು, ಪಟ್ಟಿಯ ವಿಷಯ ತಿಳಿಸಿ, ಹೆಸರು ಬರೆಸಿದವಳು ನಾನೇ ಎಂದೆ.

“ನೀವ? ನಿಮ್ಮನ್ನ ನಂಬಿ ಕೀಲಿ ಕೈಯಾಗ ಕೊಟ್ಟಿದ್ನಲ್ರೀ!”

ಅವರು ಅಲ್ಲಿಯೇ ಅರ್ಧ ದಿನದ ರಜೆ ಬರೆದರು.

ಮಧ್ಯಾಹ್ನ ಬಸ್ ನಿಲ್ದಾಣದವರೆಗೆ ಹುಡುಗಿಯ ಚೀಲ ನಾನೇ ಹೊತ್ತೆ. ಪ್ರತಿ ಬೈಕಿನ ಸದ್ದಿಗೂ ಅವಳು ನನ್ನ ಸೆರಗು ಹಿಡಿಯುತ್ತಿದ್ದಳು. ಹಿರೇಕೆರೂರಿನ ಬಸ್ಸೂ ಹುಬ್ಬಳ್ಳಿಯ ಬಸ್ಸೂ ಒಟ್ಟಿಗೆ ನಿಂತಿದ್ದವು. ಸಿಟ್ಟು ಇಳಿದಿದ್ದ ಟೀಚರಬಾಯಿ, “ಇಕಿನ್ನ ಈಗ ಎಲ್ಲಿಗೆ ಬಿಡಾಕ ಹೊಂಟೇನಂದ್ರ...” ಎಂದು ಬಾಯಿ ತೆರೆದರು.

“ನನಗ ಹೇಳಬ್ಯಾಡ್ರಿ” ಎಂದು ಚೀಲ ಕೊಟ್ಟು, ಅವರು ಯಾವ ಬಸ್ಸು ಹತ್ತುತ್ತಾರೆಂದು ನೋಡದೆ ಮನೆಯ ದಾರಿ ಹಿಡಿದೆ.