ವರ್ನಾಳ ಸಲಿಕೆ

ಹಿಮ ಬಿದ್ದ ಬೆಳಗ್ಗೆ ವರ್ನಾ ಪ್ರೊಕಿಪ್ಚುಕ್ ಎದ್ದು ಕಿಟಕಿಗೆ ಬರುವಷ್ಟರಲ್ಲಿ ಅವಳ ಮನೆಯಂಗಳ ಖಾಲಿಯಾಗಿರುತ್ತಿತ್ತು. ಎದುರುಮನೆಯ ಗರ್ಥಾ ಬಂದು ಹಿಮವನ್ನೆಲ್ಲ ಎತ್ತಿಹಾಕಿ ಹೋಗಿರುತ್ತಿದ್ದಳು. ಫ್ರಿಜ್ ತೆರೆದರೆ ಊರವರು ತಂದಿಟ್ಟ ಎಲೆಕೋಸಿನ ಸುರುಳಿಗಳು, ತಳಕ್ಕೆ ತಂದವರ ಹೆಸರು ಅಂಟಿಸಿದ ಪಾತ್ರೆಗಳು. ಸಸ್ಕಾಚೆವಾನ್ ಪ್ರಾಂತ್ಯದ ಆ ಪುಟ್ಟ ಊರಿನಲ್ಲಿ ಯಾರಿಗಾದರೂ ಕಾಯಿಲೆಯಾದರೆ ಅವರು ಒಂದು ಕಡ್ಡಿಯನ್ನೂ ಎತ್ತಿಡಬೇಕಾಗಿಲ್ಲ. ಬಿಟ್ಟರೆ ತಾನೇ ಎತ್ತಿಡುವುದು!

ಸ್ತನ ಕ್ಯಾನ್ಸರಿನ ಆಪರೇಷನ್, ಕಿಮೊ, ರೇಡಿಯೇಶನ್ ಎಲ್ಲ ಮುಗಿದಿತ್ತು. ಸುಸ್ತು ಮಾತ್ರ ಮನೆಯಳಿಯನ ಹಾಗೆ ಠಿಕಾಣಿ ಹೂಡಿತ್ತು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ್ದ ಗಟ್ಟಿ ಹೆಂಗಸು ಈಗ ಒಂದು ಲೋಟ ತೊಳೆದರೆ ಕುರ್ಚಿ ಹುಡುಕುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಒಂದೇ: ಮಾರ್ಚ್ ತಿಂಗಳ ಕರ್ಲಿಂಗ್ ಪಂದ್ಯದಲ್ಲಿ ತನ್ನ ಪೊರಕೆ. ಮಂಜುಗಡ್ಡೆಯ ಮೇಲೆ ಜಾರುವ ಕಲ್ಲಿನ ಮುಂದೆ ಓಡುತ್ತ, ದಾರಿಯನ್ನು ಪೊರಕೆಯಿಂದ ಉಜ್ಜಿ ಉಜ್ಜಿ ಅದನ್ನು ಗುರಿ ಮುಟ್ಟಿಸುವ ಕೆಲಸವನ್ನು ಇಪ್ಪತ್ತೆರಡು ಚಳಿಗಾಲ ಮಾಡಿದ್ದಳು. ತಂಡದ ನಾಯಕಿ ಗರ್ಥಾಳೇ.

"ಈ ಸಲ ನೀನು ಬೆಂಚಲ್ಲಿ ಕೂತು ಚಪ್ಪಾಳೆ ತಟ್ಟು, ಸಾಕು," ಎಂದುಬಿಟ್ಟಿದ್ದಳು ಅವಳು. ವರ್ನಾಳಿಗೆ ಕ್ಯಾನ್ಸರ್ ಎಂದಾಗಲೂ ಇಷ್ಟು ಹೊಟ್ಟೆ ಉರಿದಿರಲಿಲ್ಲ.

ಫಿಸಿಯೋಥೆರಪಿಯ ಹುಡುಗಿ ನೋಯೆಲ್ ಮಾತ್ರ ಬೇರೆಯೇ ಹೇಳಿದಳು. "ಇದು ಮಲಗಿದ್ರೆ ಹೋಗೋ ಸುಸ್ತಲ್ಲ. ದಿನಾ ಒಂದು ಅಳತೇಲಿ ಮೈ ದಣಿಸಿದ್ರೆ ಇಳಿಯುತ್ತೆ."

"ನೀನೇನು ಕಿಮೊ ತಗೊಂಡಿದ್ಯೇನಮ್ಮಾ?"

"ಇಲ್ಲ. ತಗೊಂಡವ್ರನ್ನ ನಡೆಸಿದ್ದೀನಿ."

ವರ್ನಾ ಅಂದೇ ಶುರು ಮಾಡಿದಳು. ಮೊದಲ ವಾರ ದಿನಕ್ಕೆ ಐದೇ ನಿಮಿಷ ನಡಿಗೆ, ಅದೂ ಮಾತಾಡಲು ಉಸಿರು ಉಳಿಯುವಷ್ಟೇ ವೇಗ. ಕುರ್ಚಿಯಿಂದ ಹತ್ತು ಸಲ ಏಳುವುದು, ಕೂರುವುದು. ಆಮೇಲೆ ಆಪರೇಷನ್ ಆದ ಕಡೆಯ ಕೈಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುವುದು. ಅದಕ್ಕೆ ಅವಳು ಅಡುಗೆಮನೆಯ ಬಾಗಿಲ ಚೌಕಟ್ಟನ್ನು ಆರಿಸಿಕೊಂಡಳು. ಮಗಳ ಎತ್ತರವನ್ನು ವರ್ಷವರ್ಷವೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಚೌಕಟ್ಟು ಅದು. ಮೊದಲ ದಿನ ಬೆರಳು ಒಂಬತ್ತನೇ ವರ್ಷದ ಗೆರೆಗೇ ನಿಂತು ಕಣ್ಣಲ್ಲಿ ನೀರು ಬರಿಸಿತು. ಕ್ರಿಸ್‌ಮಸ್ ಹೊತ್ತಿಗೆ ಹನ್ನೆರಡಕ್ಕೆ ಬಂತು. ಹದಿನೆಂಟು ದಾಟಿ ಗೆರೆಯಿಲ್ಲದ ಮರಕ್ಕೆ ಬೆರಳು ತಾಗಿದ ದಿನ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದಳು.

"ಇನ್ನು ಹಗುರ ಹಿಮ ಎತ್ತಬಹುದು. ಹತ್ತೇ ಸಲಿಕೆ," ಎಂದಳು ನೋಯೆಲ್.

ಐದನೇ ಸಲಿಕೆಗೆ ಗರ್ಥಾ ರಸ್ತೆ ದಾಟಿ ಓಡಿಬಂದಳು. ಸಲಿಕೆ ಕಿತ್ತುಕೊಂಡು ತನ್ನ ಮನೆಗೇ ಒಯ್ದಳು. ಊರಿನ ಪ್ರೀತಿ ಅಂದರೆ ಹಾಗೆ, ಸಲಿಕೆಯನ್ನೂ ಕದಿಯುತ್ತದೆ! ಮರುದಿನ ವರ್ನಾ ಟರ್ಕಿ ಕೋಳಿ ಬೇಯಿಸುವ ದೊಡ್ಡ ತಟ್ಟೆ ಹಿಡಿದು ಅಂಗಳಕ್ಕಿಳಿದಳು.

"ಲೇ, ಕೋಳಿ ತಟ್ಟೇಲಿ ಹಿಮ ಎತ್ತುತ್ತೀಯಲ್ಲೇ! ತಲೆಗಿಲೆ ಕೆಟ್ಟಿದ್ಯಾ?"

"ಸಲಿಕೆ ಕಳ್ಳಿ ನೀನಲ್ವಾ? ಇನ್ನೇನು ಮಾಡ್ಲಿ?"

"ನೀನು ಸಾಯ್ಬಾರ್ದು ಅಂತ ಕಣೇ!" ಗರ್ಥಾಳ ದನಿ ಒಡೆಯಿತು.

"ಸತ್ತಿಲ್ಲ ಕಣೇ. ಬದುಕಿರೋಳ ಹಾಗೆ ಇರೋಕೆ ಬಿಡು."

ಗರ್ಥಾ ಮೂಗು ಒರೆಸಿಕೊಂಡಳು. ತಟ್ಟೆಯನ್ನೊಮ್ಮೆ, ಗೆಳತಿಯನ್ನೊಮ್ಮೆ ನೋಡಿದಳು. "ಆಯ್ತು, ಪೊರಕೆ ತಗೋ. ಆದ್ರೆ ನಾನು ಸಾಕು ಅಂದ್ರೆ ಸಾಕು."

ಅಂದಿನಿಂದ ವಾರಕ್ಕೆ ಮೂರು ದಿನ ಕರ್ಲಿಂಗ್ ಅಂಗಳ. ಮೊದಲು ಒಂದು ಕಲ್ಲು, ಆಮೇಲೆ ಎರಡು, ನಡುನಡುವೆ ಕೂತು ಸುಧಾರಿಸಿಕೊಳ್ಳುವುದು. ಕೆಲವು ದಿನ ಸುಸ್ತು ಮತ್ತೆ ಬಂದು ಕೆಡವುತ್ತಿತ್ತು. ಅಂದೂ ಐದು ನಿಮಿಷ ನಡೆಯದೆ ಮಲಗಲಿಲ್ಲ.

ಮಾರ್ಚಿನ ಪಂದ್ಯ ಕೊನೆಯ ಕಲ್ಲಿಗೆ ಬಂತು, ಎರಡೂ ತಂಡ ಸಮಸಮ. ಗರ್ಥಾ ಬಿಟ್ಟ ಕಲ್ಲು ವೇಗ ಸಾಲದೆ ಅರ್ಧ ದಾರಿಯಲ್ಲೇ ಸೊರಗಿತು. ವರ್ನಾ ಬಾಗಿ ಉಜ್ಜಿದಳು. ಜೊತೆಗೆ ಉಜ್ಜುತ್ತಿದ್ದ ಹರೆಯದವಳು ಏದುಸಿರು ಬಿಡುತ್ತ ಹಿಂದುಳಿದಳು. ಹಿಂದಿನಿಂದ ಗರ್ಥಾ ಗಾಬರಿಯಿಂದ ಕೂಗಿದಳು: "ಸಾಕು ವರ್ನಾ! ಬಿಡೇ!"

"ಮಾತಾಡೋಕೆ ಉಸಿರಿದೆ ಕಣೇ! ಬಿಡಲ್ಲ!"

ಉಜ್ಜಿದಳು, ಉಜ್ಜಿದಳು. ಕಲ್ಲು ತೆವಳಿ ತೆವಳಿ, ಎದುರಾಳಿಯ ಕಲ್ಲಿಗಿಂತ ಗುರಿಯ ನಡುವಿಗೆ ಅಂಗೈಯಗಲ ಹತ್ತಿರ ಹೋಗಿ ನಿಂತಿತು. ಬೆಂಚುಗಳು ಎದ್ದು ಕುಣಿದವು. ಗೆದ್ದಿದ್ದರು!

ಮರುದಿನ ಬೆಳಗ್ಗೆ ಹೊಸ ಹಿಮ. ವರ್ನಾ ಕಿಟಕಿಗೆ ಬಂದು ನೋಡಿದರೆ ಅವಳ ಅಂಗಳದಲ್ಲಿ ಒಂದು ಹೆಜ್ಜೆಯ ಗುರುತೂ ಇಲ್ಲ. ಫೋನ್ ಬಡಿದುಕೊಂಡಿತು.

"ನಿನ್ನೆ ಕುಣಿದು ಸೊಂಟ ಹಿಡ್ಕೊಂಡಿದೆ ಕಣೇ," ಗರ್ಥಾ ನರಳಿದಳು. "ಬಂದು ನನ್ನಂಗಳದ ಹಿಮ ಎತ್ತಿಕೊಡ್ತೀಯಾ? ಸಲಿಕೆ ಬಾಗಿಲಲ್ಲೇ ಇದೆ. ನಿಂದೇ."

ವರ್ನಾ ಬೂಟು ಹಾಕಿಕೊಂಡು ರಸ್ತೆ ದಾಟಿದಳು.