ಒತ್ತುವ ಕೈ ನಿಲ್ಲುವವರೆಗೆ

ದೆವ್ವ, ಶಕುನ, ಸತ್ತವರು ಕನಸಿನಲ್ಲಿ ಬಂದು ಹೇಳಿದ್ದು, ಇಂಥವನ್ನು ನಾನು ಎಂದೂ ನಂಬಿದವಳಲ್ಲ. ನಂಬುವವರನ್ನು ಗೋಳು ಹೊಯ್ದುಕೊಳ್ಳುವುದೆಂದರೆ ನನಗೆ ಖುಷಿ. ಲಂಡನ್ನಿನ ನಮ್ಮ ಕನ್ನಡದವರ ಕೂಟಗಳಲ್ಲಿ ಊಟವಾದ ಮೇಲೆ ಯಾರಾದರೂ ತೀರಿಹೋದ ಅಜ್ಜಿ ಬಾಗಿಲಲ್ಲಿ ನಿಂತಿದ್ದ ಕಥೆ ತೆಗೆದರೆ, ನೋಡಿದವರಿಗೆ ಸಕ್ಕರೆ ಕಾಯಿಲೆ ಇತ್ತೇ, ಅವತ್ತು ಮಾತ್ರೆ ತಪ್ಪಿಸಿದ್ದರೇ ಎಂದು ವಿಚಾರಿಸುತ್ತಿದ್ದೆ. ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಇವಳ ಕೈಗೆ ಸಿಕ್ಕರೆ ದೆವ್ವವೂ ಬಿಪಿ ನೋಡಿಸಿಕೊಂಡೇ ಹೋಗಬೇಕು ಎಂದು ನನ್ನ ಗಂಡ ವಸಂತ ನಗುತ್ತಿದ್ದರು.

ನಾನು ಡಾಕ್ಟರು. ಮೈಸೂರಿನಲ್ಲಿ ಓದಿದವಳು. ಇಲ್ಲಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಗುವವರಿಗೆ ಅರಿವಳಿಕೆ ಕೊಡುವುದು ನನ್ನ ಕೆಲಸ. ಅಂದರೆ ಮನುಷ್ಯರನ್ನು ಮಲಗಿಸಿ, ಗಂಟಲಿಗೆ ಉಸಿರಿನ ನಳಿಕೆ ಇಳಿಸಿ, ಕೆಲಸ ಮುಗಿದ ಮೇಲೆ ಎಬ್ಬಿಸುವುದು. ಆ ನಳಿಕೆ ಧ್ವನಿ ಹುಟ್ಟುವ ಜಾಗದ ನಡುವೆಯೇ ಹಾದುಹೋಗುತ್ತದೆ. ಅದು ಒಳಗಿರುವಷ್ಟು ಹೊತ್ತು ಯಾರೂ ಮಾತಾಡಲಾರರು, ಪಿಸುಗುಡಲೂ ಆಗದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅದು ಚಳಿಗಾಲದ ಒಂದು ಶನಿವಾರ, ಮಧ್ಯಾಹ್ನದ ಹೊತ್ತು. ವಸಂತ ಧಾರವಾಡದವರು, ಶಾಲೆಯಲ್ಲಿ ಗಣಿತದ ಮೇಷ್ಟ್ರು. ವೆಂಬ್ಲಿಯ ಅಂಗಡಿಗಳಿಗೆ ಹೋಗಿ ಎಣ್ಣೆಗಾಯಿಗೆಂದು ಎಳೆ ಬದನೆಕಾಯಿ, ಕರಿಬೇವು, ತೆಂಗಿನಕಾಯಿ ತಂದಿದ್ದರು. ಕೆಂಟನ್‌ನ ನಮ್ಮ ಮನೆಯ ಬಾಗಿಲು ತೆರೆದು, ಚೀಲ ಕೆಳಗಿಟ್ಟು, ಒಂದು ಕಾಲಿನ ಬೂಟು ಬಿಚ್ಚಿದರು. ಇನ್ನೊಂದನ್ನು ಬಿಚ್ಚಲಿಲ್ಲ. ದೊಪ್ಪೆಂಬ ಸದ್ದಿಗೆ ನಾನು ಅಡುಗೆಮನೆಯಿಂದ ಓಡಿ ಬಂದಾಗ ಗೋಡೆಗೂ ಚಪ್ಪಲಿ ಗೂಡಿಗೂ ನಡುವೆ ಬಿದ್ದಿದ್ದರು. ಕುತ್ತಿಗೆಯಲ್ಲಿ ನಾಡಿ ಇರಲಿಲ್ಲ.

ಎದೆ ಒತ್ತಲು ಶುರು ಮಾಡಿದೆ. ಹದಿನಾರರ ಮಗಳು ಮೇಘಾ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದಳು. ಆಂಬುಲೆನ್ಸ್ ದೂರದಲ್ಲಿದೆ, ಅದಕ್ಕೂ ಮೊದಲು ಬೇರೆಯವರನ್ನು ಕಳಿಸುತ್ತೇವೆ ಎಂದರಂತೆ. ಬಂದದ್ದು ಕೆಂಪು ಬಣ್ಣದ ಅಗ್ನಿಶಾಮಕ ವಾಹನ. ಹೃದಯ ನಿಂತವರ ಮನೆಗೆ ಹತ್ತಿರದ ಫೈರ್ ಸ್ಟೇಷನ್ನಿನವರನ್ನು ಓಡಿಸುವ ಏರ್ಪಾಡು ಆಗ ನಮ್ಮ ಕಡೆ ಇತ್ತು, ಅದು ನನಗೆ ಗೊತ್ತೂ ಇತ್ತು. ಆದರೂ ಕಿಟಕಿಯಲ್ಲಿ ಆ ಕೆಂಪು ಕಂಡಾಗ, ಪಾಪ, ಯಾರ ಮನೆಗೆ ಬೆಂಕಿ ಬಿತ್ತೋ ಎಂದುಕೊಂಡೆ.

ನಾಲ್ಕು ಜನ ದೊಡ್ಡ ಬೂಟುಗಳಲ್ಲಿ ಒಳಗೆ ಬಂದರು. ನಮ್ಮ ಮನೆಯಲ್ಲಿ ಚಪ್ಪಲಿ ಹಾಕಿಕೊಂಡು ಯಾರೂ ಆ ಗೂಡು ದಾಟಿ ಒಳಗೆ ಬಂದದ್ದಿಲ್ಲ. ಬಾಯ್ಲರ್ ರಿಪೇರಿಯವನಿಗೂ ವಸಂತ ಬೂಟು ಬಿಚ್ಚಿಸಿದ್ದರು. ಅಂಥ ಹೊತ್ತಿನಲ್ಲೂ ಅದು ನೆನಪಾಯಿತು. ತಂಡದ ಹಿರಿಯ, ಬೋಳುತಲೆಯವನು, ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ನಾನು ಡಾಕ್ಟರು ಅಂದೆ. ಈಗ ನೀವು ಇವರ ಹೆಂಡತಿ, ತಲೆಯ ಹತ್ತಿರ ಕೂತು ಕೈ ಹಿಡಿದುಕೊಳ್ಳಿ ಅಂದ. ಗಟ್ಟಿ ತೋಳಿನ ಒಬ್ಬ ಹೆಂಗಸು ನನ್ನ ಜಾಗಕ್ಕೆ ಬಂದಳು. ಇನ್ನೊಬ್ಬ ಬಾಯಿ ಮೂಗು ಮುಚ್ಚುವಂತೆ ಮಾಸ್ಕ್ ಒತ್ತಿ ಹಿಡಿದು ಗಾಳಿ ಹಾಕತೊಡಗಿದ. ಶಾಕ್ ಕೊಡುವ ಯಂತ್ರ ಶಾಕ್ ಕೊಟ್ಟಿತು. ಹೃದಯ ಏಳಲಿಲ್ಲ.

ಆ ಹೆಂಗಸಿನ ಕೈಯಲ್ಲಿ ನನಗಿಲ್ಲದ ಬಲವಿತ್ತು. ಅವಳು ಒತ್ತುತ್ತಿದ್ದಂತೆ ವಸಂತ ಕಣ್ಣು ತೆರೆದರು. ತೆರೆದು ನನ್ನನ್ನು ನೋಡಿದರು. ಅವಳು ಬೆಚ್ಚಿ ಕೈ ಎತ್ತಿದಳು. ತಕ್ಷಣ ಕಣ್ಣಗುಡ್ಡೆ ಮೇಲೆ ಹೋಯಿತು. ನಿಲ್ಲಿಸಬೇಡಿ ಎಂದು ನಾನು ಕೂಗಿದೆ. ಮತ್ತೆ ಒತ್ತಿದಳು, ಮತ್ತೆ ನೋಡಿದರು.

ಇದರಲ್ಲಿ ವಿಚಿತ್ರವೇನೂ ಇಲ್ಲ. ಹೃದಯ ನಿಂತಿದ್ದರೂ ಹೊರಗಿನ ಕೈ ಚೆನ್ನಾಗಿ ಒತ್ತಿದರೆ ಮೆದುಳಿಗೆ ರಕ್ತ ಹೋಗುತ್ತದೆ, ಮನುಷ್ಯ ಕಣ್ಣು ಬಿಡಬಹುದು, ಕೈಯನ್ನೂ ಎತ್ತಬಹುದು. ಅಪರೂಪ, ಆದರೆ ವೈದ್ಯರಿಗೆ ಗೊತ್ತಿರುವ ವಿಷಯ. ಒತ್ತುವವರು ದಣಿದು ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುವಾಗ ವಸಂತ ಹೊರಟುಹೋಗುತ್ತಿದ್ದರು, ಹೊಸ ಕೈ ಬಿದ್ದಾಗ ವಾಪಸು ಬರುತ್ತಿದ್ದರು. ದೇವರಲ್ಲಿ ಏನನ್ನೂ ಬೇಡಿದವಳಲ್ಲ ನಾನು. ಮುಂದಿನ ಕೈ ಗಟ್ಟಿಯಾಗಿರಲಿ ಎಂದು ಅವತ್ತು ಬೇಡಿಕೊಂಡೆ.

ಆಗ ಕೇಳಿಸಿತು. "ಸಾಕ್ ಮಾಡ್ರಿ ಅಂತ ಹೇಳ ಅವ್ರಿಗೆ."

ಮಾಸ್ಕಿನೊಳಗಿನ ನರಳಾಟವನ್ನು ನನ್ನ ತಲೆ ಮಾತಾಗಿಸಿಕೊಂಡಿದೆ ಎಂದು ಆಗಲೇ ತೀರ್ಮಾನಿಸಿದೆ. ತೀರ್ಮಾನಿಸಿಯೂ ಬಗ್ಗಿ, "ಇನ್ನೊಂದು ಚೂರು ತಡ್ಕೊಳ್ಳಿ, ಆಂಬುಲೆನ್ಸಿನವರು ಬರ್ತಿದ್ದಾರೆ" ಎಂದು ಉತ್ತರ ಕೊಟ್ಟೆ. ಅವರು ಏನಾದರೂ ಹೇಳುತ್ತಿದ್ದಾರೆಯೇ ಎಂದು ಬೋಳುತಲೆಯವನು ಕೇಳಿದ. ಇಲ್ಲ ಎಂದೆ.

ಕೊನೆಗೆ ಆಂಬುಲೆನ್ಸಿನವರು ಬಂದರು. ಔಷಧಿ ಕೊಟ್ಟರು, ಗಂಟಲಿಗೆ ನಳಿಕೆ ಇಳಿಸಿ ಬಿಗಿಯಾಗಿ ಕಟ್ಟಿದರು. ಅಭ್ಯಾಸಬಲದಿಂದ ನಾನೇ ಬಗ್ಗಿ ನೋಡಿದೆ. ನಳಿಕೆ ಸರಿಯಾಗಿ ಕೂತಿತ್ತು, ಎದೆ ಎರಡೂ ಕಡೆ ಸಮನಾಗಿ ಏಳುತ್ತಿತ್ತು. ಫೈರ್ ಸ್ಟೇಷನ್ನಿನವರು ಸರದಿಯಲ್ಲಿ ಒತ್ತುತ್ತಲೇ ಇದ್ದರು, ಹಣೆಯ ಬೆವರು ಕಾರ್ಪೆಟ್ಟಿನ ಮೇಲೆ ಬೀಳುತ್ತಿತ್ತು.

"ಸಾಕ್ ಮಾಡ್ರಿ ಅಂತ ಹೇಳ ಅವ್ರಿಗೆ."

ಈ ಸಲ ತುಟಿ ಅಲುಗಲಿಲ್ಲ. ನರಳುವ ದನಿಯೂ ಅಲ್ಲ. ಊಟಕ್ಕೆ ಕೂತಾಗ ನಾನು ಇನ್ನೊಂದು ಸೌಟು ಹುಳಿ ಬಡಿಸಲು ಹೋದರೆ ತಟ್ಟೆಗೆ ಅಡ್ಡ ಕೈ ಹಿಡಿದು ಹೇಳುತ್ತಿದ್ದರಲ್ಲ, ಅದೇ ದನಿ. ಆದರೂ ನಾನು ಬಾಯಿ ಬಿಡಲಿಲ್ಲ. ಕಣ್ಣು ನನ್ನನ್ನು ನೋಡುತ್ತಿರುವಾಗ ಸಾಕು ಎಂದು ಯಾವ ಹೆಂಡತಿ ಹೇಳುತ್ತಾಳೆ?

ಇನ್ನಷ್ಟು ಹೊತ್ತು ಕಳೆಯಿತು. ಆಂಬುಲೆನ್ಸಿನವಳು ನನ್ನ ಪಕ್ಕ ಮೊಣಕಾಲೂರಿ, ಹೃದಯ ಯಾವುದಕ್ಕೂ ಸ್ಪಂದಿಸುತ್ತಿಲ್ಲ, ನಿಲ್ಲಿಸುವ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಮೆತ್ತಗೆ ಕೇಳಿದಳು. ನನಗೆ ಉತ್ತರ ಗೊತ್ತಿತ್ತು. ಆಸ್ಪತ್ರೆಯಲ್ಲಿ ಎಷ್ಟೋ ಸಲ ನಾನೇ ಆ ಪ್ರಶ್ನೆ ಕೇಳಿದ್ದೇನೆ. ಆದರೆ ವಸಂತರ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಆಗ ಮೆಟ್ಟಿಲಿನಿಂದ ಮೇಘಾ ಮಾತಾಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪ್ಪ ಮಗಳು ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಗಂಟೆಗಟ್ಟಲೆ ಜಗಳವಾಡುತ್ತಿದ್ದರು. ಅವಳ ಬಾಯಿಂದ ಪೂರ್ತಿ ಒಂದು ಕನ್ನಡದ ವಾಕ್ಯ ಕೇಳಿ ವರ್ಷಗಳಾಗಿದ್ದವು.

"ಅಮ್ಮಾ, ಸಾಕ್ ಮಾಡ್ರಿ ಅನ್ಲಿಕತ್ತಾರ ಅಪ್ಪ. ನೀ ಯಾಕ ಹೇಳವಲ್ಲಿ?"

ಅಪ್ಪಟ ಧಾರವಾಡದ ಮಾತು. ಅಷ್ಟು ಹೊತ್ತಿನಲ್ಲಿ ನಾನು ಕನ್ನಡದಲ್ಲಿ ಆಡಿದ್ದು ತಡೆದುಕೊಳ್ಳಿ ಎಂದಷ್ಟೇ, ಅದೂ ನನ್ನ ಮೈಸೂರಿನ ಧಾಟಿಯಲ್ಲಿ. ಸಾಕು ಎಂಬುದು ನನ್ನ ಬಾಯಿಂದ ಬಂದೇ ಇರಲಿಲ್ಲ.

ನಿಲ್ಲಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಗಟ್ಟಿ ತೋಳಿನ ಹೆಂಗಸು ಹಿರಿಯನ ಮುಖ ನೋಡಿದಳು, ಅವನು ತಲೆಯಾಡಿಸಿದ, ಅವಳು ಕೈ ತೆಗೆದಳು. ಅಷ್ಟೇ. ಹೋಗುವ ಮೊದಲು ಬೋಳುತಲೆಯವನು ಚಪ್ಪಲಿ ಗೂಡಿನ ಕೆಳಗೆ ಉರುಳಿದ್ದ ತೆಂಗಿನಕಾಯಿ ತೆಗೆದು ಚೀಲಕ್ಕೆ ಹಾಕಿದ. ವಸಂತರ ಇನ್ನೊಂದು ಬೂಟು ಬಿಚ್ಚಿ ಅದರ ಜೋಡಿಯ ಪಕ್ಕ ಇಟ್ಟ. ಆ ಹೆಂಗಸು ಹೊರಗೆ ಗಾಡಿಗೆ ಒರಗಿ ಅಳುತ್ತಿದ್ದಳು.

ಕೆಲವು ವಾರಗಳಾದ ಮೇಲೆ ಬೋಳುತಲೆಯವನು ನಮ್ಮನ್ನು ನೋಡಿಕೊಂಡು ಹೋಗಲು ಬಂದಿದ್ದ. ನೀನೇನಾದರೂ ಕೇಳಿಸಿಕೊಂಡೆಯಾ ಎಂದು ವಿಚಾರಿಸಿದೆ. ಕಣ್ಣು ತೆರೆದದ್ದನ್ನು ಕಂಡಿದ್ದ, ನಿಮ್ಮ ದನಿ ಬಿಟ್ಟು ಬೇರೆ ದನಿ ಕೇಳಲಿಲ್ಲ ಎಂದ. ಜೊತೆಗೆ ಕೆಲಸ ಮಾಡುವ ಡಾಕ್ಟರುಗಳು ಇದನ್ನು ದುಃಖದ ಆಘಾತ ಎನ್ನುತ್ತಾರೆ. ಬೇರೆಯವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಆ ದನಿ ನನ್ನ ತಲೆಯದಾದರೆ, ನನ್ನನ್ನೇ ನೋಡುತ್ತಿದ್ದ ಮನುಷ್ಯನ ಎದೆಯ ಮೇಲಿಂದ ನಾನು ಕೈ ತೆಗೆಸಿದೆ. ಅವರದೇ ಆದರೆ, ಬೇಡ ಬೇಡ ಎನ್ನುತ್ತಿದ್ದವರ ಪಕ್ಕೆಲುಬು ಮುರಿಸುತ್ತಾ ಕೂತಿದ್ದೆ. ಯಾವ ಕಡೆ ತಿರುಗಿದರೂ ನನಗೆ ಸಮಾಧಾನವಿಲ್ಲ.

ಮೇಘಾಳನ್ನು ಒಂದೇ ಒಂದು ಸಲ ಕೇಳಿದ್ದೇನೆ. ಅಪ್ಪ ಹಾಗೆ ಹೇಳಿದ್ದು ಯಾವಾಗ ಎಂದೆ. ಎಂದಿನಂತೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಶುರುವಿನಿಂದಲೂ ಹೇಳುತ್ತಿದ್ದರಂತೆ. ಫೈರ್ ಸ್ಟೇಷನ್ನಿನವರು ಬರುವ ಮೊದಲು, ನಾನೊಬ್ಬಳೇ ಒತ್ತುತ್ತಿದ್ದಾಗಲೇ. ಆಗ ಅವರ ಕಣ್ಣು ಮುಚ್ಚಿತ್ತು, ನನಗೇನೂ ಕೇಳಿಸಿರಲಿಲ್ಲ. ಅಮ್ಮನಿಗೆ ಕೇಳಿಸುತ್ತಿದೆ, ಬೇಕೆಂದೇ ಸುಮ್ಮನಿದ್ದಾಳೆ ಎಂದು ಅವಳು ಅಂದುಕೊಂಡಿದ್ದಳಂತೆ.

ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ. ನಳಿಕೆ ಇಳಿಸಿ ಕಟ್ಟಿದ ಮೇಲೆ, ನರ್ಸ್ ಬೇರೆ ಕಡೆ ತಿರುಗಿದಾಗ, ಮಲಗಿದವರ ಮುಖದ ಹತ್ತಿರ ಒಂದು ಗಳಿಗೆ ಬಗ್ಗಿ ನಿಲ್ಲುತ್ತೇನೆ. ಇಷ್ಟು ವರ್ಷಗಳಲ್ಲಿ ಯಾರೂ ಏನೂ ಹೇಳಿಲ್ಲ.